ಬೀದರದ ಕೆಂಪುಕಲ್ಲಿನ ನೆಲದಲ್ಲಿ ಅಂತರ್ಜಲ ಮಾಲಿನ್ಯ: ಕಾರಣಗಳು ಹಾಗೂ ರೈತರು ವಹಿಸಬೇಕಾದ ಎಚ್ಚರಿಕೆ

ಬೀದರ ನಗರವು ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಈ ಪ್ರಸ್ಥಭೂಮಿಯ ಮೇಲ್ಪದರವು ಜಂಬಿಟ್ಟಿಗೆ ಕಲ್ಲಿನಿಂದ, ಅಂದರೆ ಲ್ಯಾಟರೈಟ್‌ನಿಂದ ಕೂಡಿದೆ. ಬೀದರ ಕೋಟೆಯ ಮೂರು ಸಾಲಿನ ಕಂದಕವನ್ನು ಕೊರೆದಿರುವುದು ಇದೇ ಕಲ್ಲಿನಲ್ಲಿ. ಈ ಭಾಗದ ರೈತರಿಗೆ ಪರಿಚಿತವಾದ ಒಂದು ಸಂಗತಿಯಿದೆ. ಜೂನ್ ಅಥವಾ ಜುಲೈ ತಿಂಗಳಲ್ಲಿ ದೊಡ್ಡ ಮಳೆ ಬಿದ್ದರೆ ಮರುದಿನವೇ ಹಲವು ತೆರೆದ ಬಾವಿಗಳ ನೀರು ಏರುತ್ತದೆ. ಕೆಲವು ಬಾವಿಗಳಲ್ಲಿ ನೀರು ಎರಡು ಮೂರು ದಿನ ಕೆಂಪಾಗಿಯೇ ಇರುತ್ತದೆ. ಬಾವಿಗೆ ಒಳ್ಳೆಯ ಸೆಲೆ ಇದೆ ಎಂಬುದಕ್ಕೆ ಇದು ಗುರುತು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ, ಅದು ನಿಜವೂ ಹೌದು. ಆದರೆ ಮಳೆನೀರು ಒಂದೇ ದಿನದಲ್ಲಿ ಬಾವಿಯನ್ನು ಸೇರಿತೆಂದರೆ, ಅದರೊಂದಿಗೆ ಹೊಲದ ಮೇಲಿದ್ದ ಯೂರಿಯಾ, ತಿಪ್ಪೆಯ ರಸ, ಸಿಂಪರಣೆಯ ಔಷಧ ಇವೂ ಒಂದೇ ದಿನದಲ್ಲಿ ಸೇರಬಲ್ಲವು ಎಂಬುದನ್ನು ಗಮನಿಸಬೇಕು. ಈ ಲೇಖನದಲ್ಲಿ ಬೀದರದ ಕೆಂಪುಕಲ್ಲಿನ ನೆಲ ಹಾಗೂ ಭಾಲ್ಕಿ, ಔರಾದ ತಾಲ್ಲೂಕುಗಳ ಕಪ್ಪುನೆಲ ಇವೆರಡರಲ್ಲಿ ನೀರು ಕೆಳಗಿಳಿಯುವ ಬಗೆಯನ್ನೂ, ಅದಕ್ಕೆ ಅನುಗುಣವಾಗಿ ಬೇಸಾಯದಲ್ಲಿ ಮಾಡಿಕೊಳ್ಳಬೇಕಾದ ಬದಲಾವಣೆಗಳನ್ನೂ ವಿವರಿಸಲಾಗಿದೆ.

ಸುಣ್ಣಕಲ್ಲಿನ ನೆಲದಂತೆ ವರ್ತಿಸುವ ಕೆಂಪುಕಲ್ಲು

ಅಂತರ್ಜಲವು ಅತಿ ಸುಲಭವಾಗಿ ಕಲುಷಿತಗೊಳ್ಳುವ ಭೂಪ್ರದೇಶಗಳಲ್ಲಿ ಸುಣ್ಣಕಲ್ಲಿನ ಪ್ರದೇಶಗಳು ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಇವುಗಳನ್ನು ಭೂವಿಜ್ಞಾನಿಗಳು ಕಾರ್ಸ್ಟ್ ಪ್ರದೇಶಗಳೆಂದು ಕರೆಯುತ್ತಾರೆ. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮಂದ ಆಮ್ಲವಾಗುತ್ತದೆ. ಆ ಆಮ್ಲವು ಸುಣ್ಣಕಲ್ಲಿನ ಬಿರುಕುಗಳನ್ನು ಸಾವಿರಾರು ವರ್ಷಗಳ ಕಾಲ ಕರಗಿಸುತ್ತ ಹೋಗಿ ಕೊಳವೆ, ಗುಹೆ, ಕುಸಿಗುಂಡಿಗಳನ್ನು ನಿರ್ಮಿಸುತ್ತದೆ. ಮರಳಿನ ಪದರದಲ್ಲಿ ಅಂತರ್ಜಲವು ದಿನಕ್ಕೆ ಕೆಲವು ಸೆಂಟಿಮೀಟರಿನಿಂದ ಒಂದೆರಡು ಮೀಟರ್ ಚಲಿಸಿದರೆ, ಇಂತಹ ಕೊಳವೆಗಳಲ್ಲಿ ದಿನಕ್ಕೆ ನೂರಾರು ಮೀಟರ್, ಕೆಲವೆಡೆ ಕಿಲೋಮೀಟರುಗಳಷ್ಟು ಹರಿಯುತ್ತದೆ. ಇಷ್ಟು ವೇಗದಲ್ಲಿ ಮಣ್ಣಿಗೆ ಸೋಸಲು ಅವಕಾಶವಿಲ್ಲ, ಸೂಕ್ಷ್ಮಜೀವಿಗಳಿಗೆ ವಿಷವಸ್ತುವನ್ನು ಒಡೆಯಲು ಸಮಯವಿಲ್ಲ. ನಮ್ಮ ಭಾಗದಲ್ಲಿ ನಿಜವಾದ ಸುಣ್ಣಕಲ್ಲಿನ ನೆಲವಿರುವುದು ದಕ್ಷಿಣಕ್ಕೆ, ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಸೇಡಂ ಪ್ರದೇಶಗಳಲ್ಲಿ.

ಬೀದರದ ಕಲ್ಲು ಸುಣ್ಣಕಲ್ಲಲ್ಲ. ಅದರ ಹುಟ್ಟೇ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಗಟ್ಟಿಯಾಗಿ ಕರಿಕಲ್ಲು ಆಯಿತು. ಬಿಸಿಲು ಮಳೆಗಳ ದೀರ್ಘ ಸವೆತದಲ್ಲಿ ಅದರ ಮೇಲ್ಭಾಗದ ಸಿಲಿಕಾ, ಸುಣ್ಣ, ಮೆಗ್ನೀಸಿಯಂ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಜಂಬಿಟ್ಟಿಗೆಯಾಯಿತು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವರು ಫ್ರಾನ್ಸಿಸ್ ಬುಕಾನನ್; ಮಲಬಾರಿನಲ್ಲಿ ಕಂಡ ಕಲ್ಲನ್ನು ವರ್ಣಿಸುತ್ತ 1807ರ ತಮ್ಮ ಗ್ರಂಥದಲ್ಲಿ ಅವರು ಈ ಪದವನ್ನು ಬಳಸಿದರು. ಹೊಸದಾಗಿ ಕತ್ತರಿಸಿದ ಕಲ್ಲುಗಣಿಯ ಗೋಡೆಯನ್ನು ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ. ಗಟ್ಟಿಯಾದ ಕೆಂಪು ಚೌಕಟ್ಟಿನ ನಡುವೆ ಹಳದಿ ಬಿಳಿ ಬಣ್ಣದ ಮೃದು ಜೇಡಿ ತುಂಬಿರುತ್ತದೆ. ನೀರು ಹರಿದಲ್ಲೆಲ್ಲ ಜೇಡಿ ಕೊಚ್ಚಿಹೋಗಿ ಬೆರಳು ಗಾತ್ರದ, ಕೆಲವೆಡೆ ತೋಳು ಗಾತ್ರದ ಕೊಳವೆಗಳು ಉಳಿಯುತ್ತವೆ. ಹೀಗೆ, ಕರಗುವಿಕೆಯ ಬದಲು ಕೊಚ್ಚಣೆಯಿಂದ, ಕಾರ್ಸ್ಟ್ ನೆಲದಂತಹುದೇ ಕೊಳವೆಗಳ ಜಾಲವೊಂದು ಇಲ್ಲಿಯೂ ಉಂಟಾಗಿದೆ. ಇದನ್ನು ಹುಸಿ ಕಾರ್ಸ್ಟ್ ಎನ್ನುತ್ತಾರೆ. ಹೆಸರಿನಲ್ಲಿ ಹುಸಿ ಇದ್ದರೂ, ನೀರಿನ ಮಾಲಿನ್ಯದ ದೃಷ್ಟಿಯಿಂದ ಅದರ ಪರಿಣಾಮದಲ್ಲಿ ಹುಸಿ ಏನೂ ಇಲ್ಲ.

ಕೆಂಪುಕಲ್ಲಿನ ತಳದಲ್ಲಿ ಬಿಳಿ ಜೇಡಿಮಣ್ಣಿನ ಪದರವಿದೆ, ಅದರ ಕೆಳಗೆ ಕರಿಕಲ್ಲು. ಕೊಳವೆಗಳಲ್ಲಿ ಇಳಿದ ನೀರು ಜೇಡಿಯ ಮೇಲೆ ನಿಂತು, ಪಕ್ಕಕ್ಕೆ ಸರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಗುರುನಾನಕ ಝೀರಾದ ಸಿಹಿನೀರು, ಪಾಪನಾಶದ ಸೆಲೆ, ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದುಹೋಗುವ ಝರಣಿ ನರಸಿಂಹ ಗುಹೆ ಇವೆಲ್ಲ ಈ ಪದರಗಳ ಫಲ. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ತಂತ್ರದಂತೆ ತೋಡಿದ ನೌಬಾದಿನ ಕಾರೇಜ್ ಅಥವಾ ಸುರಂಗ ಬಾವಿಯೂ ಇದೇ ನೀರನ್ನು ಹಿಡಿಯುತ್ತದೆ. ಸುಮಾರು 3 ಕಿಲೋಮೀಟರ್ ಉದ್ದದ ಆ ಸುರಂಗಕ್ಕೆ ನೆಲದಿಂದ ಇಳಿಸಿದ 21 ಗಾಳಿಬಾವಿಗಳಿದ್ದವು. ಕಾಲಾನಂತರದಲ್ಲಿ ಅವುಗಳಲ್ಲಿ ಹಲವು ಮಣ್ಣು, ಕಸಗಳಿಂದ ಮುಚ್ಚಿಹೋಗಿದ್ದು, 2010ರ ದಶಕದಲ್ಲಿ ಹೂಳು ತೆಗೆಯುವ ಕೆಲಸ ನಡೆಯಿತು. ಸುರಂಗದ ಮೇಲಿನ ಹೊಲಗಳಲ್ಲಿ, ಬಡಾವಣೆಗಳಲ್ಲಿ ನಾವು ನೆಲಕ್ಕೆ ಹಾಕುವುದೇ ಸುರಂಗದೊಳಗೆ ತೊಟ್ಟಿಕ್ಕುತ್ತದೆ ಎಂಬುದನ್ನು ಆ ಕೆಲಸದ ಜೊತೆಗೇ ಜನರಿಗೆ ತಿಳಿಸಬೇಕಾದ ಅಗತ್ಯವಿದೆ.

ಒಂದು ಬಾವಿ ಕೆಡಲು ಎಷ್ಟು ಯೂರಿಯಾ ಬೇಕು?

ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರಮಾಣವು ಪ್ರತಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಇತರ ಹಲವು ಲವಣಗಳಿಗೆ ಬೇರೆ ನೀರಿನ ಮೂಲವಿಲ್ಲದಿದ್ದಾಗ ಸಡಿಲಿಕೆ ಉಂಟು, ನೈಟ್ರೇಟಿಗೆ ಇಲ್ಲ. ಆರು ತಿಂಗಳೊಳಗಿನ ಕೂಸುಗಳಲ್ಲಿ ಹೆಚ್ಚಿನ ನೈಟ್ರೇಟ್ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸಿ ಮೈ ನೀಲಿಗಟ್ಟುವಂತೆ ಮಾಡುತ್ತದೆ. ಹೊಲದ ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸುವ ಮನೆಗಳಲ್ಲಿ ಈ ಅಪಾಯ ಹೆಚ್ಚು.

ಈಗ ಒಂದು ಸರಳ ಲೆಕ್ಕವನ್ನು ನೋಡೋಣ. ಒಂದು ಬಾವಿಯ ವ್ಯಾಸ 6 ಮೀಟರ್, ಅದರಲ್ಲಿರುವ ನೀರಿನ ಆಳ 5 ಮೀಟರ್ ಎಂದುಕೊಂಡರೆ, ಬಾವಿಯಲ್ಲಿ ಸುಮಾರು 1.41 ಲಕ್ಷ ಲೀಟರ್ ನೀರಿರುತ್ತದೆ. ಯೂರಿಯಾದಲ್ಲಿ ಸಾರಜನಕ ಶೇ. 46. ಒಂದು ಕಿಲೋಗ್ರಾಂ ಸಾರಜನಕವು ಪೂರ್ತಿ ನೈಟ್ರೇಟ್ ಆದಾಗ ಅದರ ತೂಕ 4.43 ಕಿಲೋಗ್ರಾಂ. ಈ ಬಾವಿಯ ನೀರನ್ನು ಶೂನ್ಯದಿಂದ 45 ಮಿಲಿಗ್ರಾಂ ಮಟ್ಟಕ್ಕೆ ತರಲು ಸುಮಾರು 6.4 ಕಿಲೋಗ್ರಾಂ ನೈಟ್ರೇಟ್ ಬೇಕು, ಅಂದರೆ 3 ಕಿಲೋಗ್ರಾಂ ಆಸುಪಾಸು ಯೂರಿಯಾ ಸಾಕು. ಒಂದು ಪೂರ್ತಿ ಚೀಲ, ಈಗಿನ 45 ಕಿಲೋಗ್ರಾಂ ಚೀಲ, ಸುಮಾರು 20 ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ತರಬಲ್ಲದು. ಹೊಲಕ್ಕೆ ಹಾಕಿದ ಯೂರಿಯಾ ಎಲ್ಲವೂ ಬಾವಿ ಸೇರುವುದಿಲ್ಲ. ಬೆಳೆ ಹೀರುತ್ತದೆ, ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಆದರೆ ಎಕರೆಗೆ ಹಾಕಿದ ನಾಲ್ಕಾರು ಚೀಲಗಳಲ್ಲಿ ಒಂದು ಸಣ್ಣ ಪಾಲು ಜಾರಿದರೂ ಸಾಕೆಂಬುದು ಈ ಲೆಕ್ಕದ ಅರ್ಥ.

ಕೆಂಪುಕಲ್ಲಿನ ಮೇಲಿರುವ ಮಣ್ಣು ತೆಳು, ಜಲ್ಲಿಮಿಶ್ರಿತ, ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಕಡಿಮೆ. ಅದರಲ್ಲಿನ ಕಬ್ಬಿಣದ ಆಕ್ಸೈಡುಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ರಂಜಕ ಕೆಳಗಿಳಿಯುವುದು ವಿರಳ. ನೈಟ್ರೇಟ್ ಹಾಗೂ ಪೊಟ್ಯಾಷ್ ಮಾತ್ರ ಸುಲಭವಾಗಿ ಜಾರುತ್ತವೆ. ಹಾಗಾಗಿ ಈ ನೆಲದಲ್ಲಿ ಸಾರಜನಕವನ್ನು ಒಮ್ಮೆಗೇ ಹಾಕುವುದು ರೈತನ ಹಣವನ್ನೂ ಬಾವಿಯನ್ನೂ ಏಕಕಾಲಕ್ಕೆ ಕೆಡಿಸುವ ಪದ್ಧತಿ. ಶುಂಠಿ ಬೆಳೆಯುವ ರೈತರು ಇದನ್ನು ವಿಶೇಷವಾಗಿ ಗಮನಿಸಬೇಕು. ಶುಂಠಿಗೆ ಗೊಬ್ಬರದ ಖರ್ಚು ದೊಡ್ಡದು, ಮಡಿಗಳಿಂದ ನೀರು ಬಸಿದುಹೋಗುವಂತೆ ನಾವೇ ವ್ಯವಸ್ಥೆ ಮಾಡಿರುತ್ತೇವೆ, ಬೆಳೆಯ ಬೇರು ಮಾತ್ರ ಮೇಲ್ಪದರದಲ್ಲಿರುತ್ತದೆ. ಸಾರಜನಕವನ್ನು ಸಣ್ಣ ಕಂತುಗಳಲ್ಲಿ, ಮುಂದಿನ ಎರಡು ಮೂರು ದಿನ ಭಾರೀ ಮಳೆಯ ಮುನ್ಸೂಚನೆ ಇಲ್ಲದಿರುವಾಗ ಕೊಡುವುದು ಸೂಕ್ತ.

ಹನಿ ನೀರಾವರಿಯ ಮೂಲಕ ರಸಗೊಬ್ಬರ ಕೊಡುವ ತೋಟಗಳಲ್ಲಿ ಇನ್ನೊಂದು ಅಪಾಯವಿದೆ, ಅದರತ್ತ ಲಕ್ಷ್ಯ ಕಡಿಮೆ. ಗೊಬ್ಬರ ಹರಿಯುತ್ತಿರುವಾಗ ವಿದ್ಯುತ್ ಕಡಿತವಾದರೆ, ಕೊಳವೆಯಲ್ಲಿದ್ದ ನೀರು ಹಿಂದಕ್ಕೆ ಬಾವಿಗೆ ಇಳಿಯುವಾಗ ತೊಟ್ಟಿಯಲ್ಲಿದ್ದ ಗೊಬ್ಬರದ ದ್ರಾವಣವನ್ನೂ ಎಳೆದೊಯ್ಯಬಹುದು. ಮೇಲಿನ 3 ಕಿಲೋಗ್ರಾಂ ಲೆಕ್ಕವನ್ನು ಇಲ್ಲಿ ನೆನಪಿಸಿಕೊಳ್ಳಬೇಕು: ಇಲ್ಲಿ ಮಣ್ಣಿನ ಸೋಸುವಿಕೆಯೂ ಇಲ್ಲ, ಬೆಳೆಯ ಪಾಲೂ ಇಲ್ಲ. ಪಂಪಿನ ನಂತರ, ಗೊಬ್ಬರದ ತೊಟ್ಟಿಗಿಂತ ಮೊದಲು, ಒಂದು ಹಿಮ್ಮುಖ ತಡೆ ಕವಾಟವನ್ನು ಕಡ್ಡಾಯವಾಗಿ ಅಳವಡಿಸಬೇಕು.

ಭಾಲ್ಕಿ ಮತ್ತು ಔರಾದ: ಕಪ್ಪುನೆಲದ ಬೇಸಿಗೆಯ ಬಿರುಕು

ಪ್ರಸ್ಥಭೂಮಿಯಿಂದ ಇಳಿದು ಭಾಲ್ಕಿಯ ಕಾರಂಜಾ ಕಣಿವೆಗೆ ಅಥವಾ ಔರಾದಿನ ಮಾಂಜ್ರಾ ಕಡೆಗೆ ಹೋದರೆ ನೆಲ ಬದಲಾಗುತ್ತದೆ. ಇಲ್ಲಿ ಬಹುಪಾಲು ಕರಿಕಲ್ಲಿನ ಮೇಲೆ ಕಪ್ಪುಮಣ್ಣು ಕುಳಿತಿದೆ. ಜೇಡಿಯ ಅಂಶ ಹೆಚ್ಚಿರುವ ಈ ಮಣ್ಣು ಅಮೋನಿಯಂ, ಪೊಟ್ಯಾಷ್‌ಗಳನ್ನು ಚೆನ್ನಾಗಿ ಹಿಡಿದಿಡುತ್ತದೆ; ಒಮ್ಮೆ ನೆನೆದು ಉಬ್ಬಿದ ಮೇಲೆ ನೀರನ್ನು ಬಹಳ ನಿಧಾನವಾಗಿ ಕೆಳಗೆ ಬಿಡುತ್ತದೆ. ಆದ್ದರಿಂದ ಕಪ್ಪುನೆಲದ ಬಾವಿ ಸುರಕ್ಷಿತವೆಂಬ ಅಭಿಪ್ರಾಯವಿದೆ. ವರ್ಷದ ಬಹುಕಾಲ ಅದು ಸರಿ.

ಸರಿಯಲ್ಲದಿರುವುದು ಮೇ ಕೊನೆಯಿಂದ ಜೂನ್ ಮಧ್ಯದವರೆಗಿನ ಮೂರು ನಾಲ್ಕು ವಾರಗಳಲ್ಲಿ. ಬೇಸಿಗೆಯಲ್ಲಿ ಕಪ್ಪುನೆಲ ಅಂಗೈ ತೂರುವಷ್ಟು ಅಗಲಕ್ಕೆ, ಅರ್ಧ ಮೀಟರಿಗೂ ಮೀರಿದ ಆಳಕ್ಕೆ ಬಿರಿಯುತ್ತದೆ. ಮೊದಲ ಬಿರುಸು ಮಳೆಯ ನೀರು ಮಣ್ಣನ್ನು ನೆನೆಸುವ ಮೊದಲೇ ಈ ಬಿರುಕುಗಳಲ್ಲಿ ಇಳಿದು ಮೊರಂ ಪದರವನ್ನು, ಅಲ್ಲಿಂದ ಕರಿಕಲ್ಲಿನ ಸೀಳುಗಳನ್ನು ಸೇರುತ್ತದೆ. ಮಣ್ಣಿನ ಮೈಯನ್ನು ತಪ್ಪಿಸಿ ಹೋಗುವ ಈ ಹರಿವಿನಲ್ಲಿ ಮಣ್ಣಿನ ಹಿಡಿದಿಡುವ ಶಕ್ತಿ ಉಪಯೋಗಕ್ಕೆ ಬರುವುದಿಲ್ಲ. ನಾವು ಕೊಟ್ಟಿಗೆ ಗೊಬ್ಬರ ಹರಡುವುದು, ಬಿತ್ತನೆಗೆಂದು ಗೊಬ್ಬರ ಎರಚುವುದು ಸರಿಯಾಗಿ ಇದೇ ದಿನಗಳಲ್ಲಿ. ಅಂದರೆ ಕೆಂಪುಕಲ್ಲಿನ ನೆಲಕ್ಕೆ ವರ್ಷವಿಡೀ ಇರುವ ದೌರ್ಬಲ್ಯ ಕಪ್ಪುನೆಲಕ್ಕೆ ಮುಂಗಾರಿನ ಬಾಗಿಲಲ್ಲಿ ಬರುತ್ತದೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಬೇಸಿಗೆಯಲ್ಲಿ ಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸಿದರೆ ಬಿರುಕುಗಳ ಬಾಯಿ ಮುಚ್ಚುತ್ತದೆ. ತೇವ ಉಳಿಸಲು ನಮ್ಮ ಹಿರಿಯರು ಮಾಡುತ್ತಿದ್ದ ಈ ಕೆಲಸಕ್ಕೆ ಈ ಪ್ರಯೋಜನವೂ ಇದೆ. ಗೊಬ್ಬರವನ್ನು ಎರಚದೆ, ಬಿರುಕು ಕೂಡುವಷ್ಟು ಮಳೆಯಾದ ನಂತರ, ಕೂರಿಗೆಯಿಂದ ಬೀಜದ ಬದಿಗೆ ಬೀಳುವಂತೆ ಕೊಡಬೇಕು. ಬಿತ್ತನೆಯೂ ಅಷ್ಟು ಹದವಾದ ಮೇಲೆಯೇ ಆಗಬೇಕಾದದ್ದರಿಂದ ಇದರಿಂದ ಕಾಲ ನಷ್ಟವೇನೂ ಇಲ್ಲ.

ಸೋಯಾ ಅವರೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಸೋಯಾಗೆ ಹೆಕ್ಟೇರಿಗೆ 40 ಕಿಲೋಗ್ರಾಂ ಸಾರಜನಕ, 80 ಕಿಲೋಗ್ರಾಂ ರಂಜಕ, 25 ಕಿಲೋಗ್ರಾಂ ಪೊಟ್ಯಾಷ್ ಶಿಫಾರಸು ಇದೆ. ಎಕರೆಗೆ ಸಾರಜನಕ 16 ಕಿಲೋಗ್ರಾಂ. ರಂಜಕಕ್ಕಾಗಿ ಎಕರೆಗೆ 70 ಕಿಲೋಗ್ರಾಂ ಡಿಎಪಿ ಹಾಕಿದರೆ ಅದರಲ್ಲೇ 12.5 ಕಿಲೋಗ್ರಾಂ ಸಾರಜನಕ ಬಂದಿರುತ್ತದೆ. ಉಳಿಯುವುದು 3.5 ಕಿಲೋಗ್ರಾಂ, ಅದಕ್ಕೆ 8 ಕಿಲೋಗ್ರಾಂ ಯೂರಿಯಾ ಸಾಕು. ಬೆಳೆ ತುಸು ಹಳದಿಯಾಯಿತೆಂದು ಜುಲೈನಲ್ಲಿ ಒಂದು ಚೀಲ ಯೂರಿಯಾ ಚೆಲ್ಲುವ ರೂಢಿ ಎರಡೂ ತಾಲ್ಲೂಕುಗಳಲ್ಲಿದೆ. ಬೇರಿನ ಗಂಟುಗಳಲ್ಲಿ ತನ್ನ ಸಾರಜನಕವನ್ನು ತಾನೇ ಗಳಿಸುವ ಬೆಳೆಗೆ ಆ ಚೀಲ ಬೇಕಿಲ್ಲ. ಬೀಜಕ್ಕೆ ರೈಜೋಬಿಯಂ ಲೇಪಿಸಿ, ಹೊಲದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಬಹಳಷ್ಟು ಹಳದಿತನ ತಾನೇ ಹೋಗುತ್ತದೆ.

ಕಾರಂಜಾ ನೀರು ಹಾಗೂ ಕೊಳವೆಬಾವಿಗಳ ಆಸರೆಯಲ್ಲಿ ಕಬ್ಬು ಬೆಳೆಯುವಲ್ಲಿ ಲೆಕ್ಕ ಬೇರೆ. ಕಬ್ಬಿಗೆ ಎಕರೆಗೆ 100 ಕಿಲೋಗ್ರಾಂ ಸಾರಜನಕ, ಅಂದರೆ ಸುಮಾರು ಐದು ಚೀಲ ಯೂರಿಯಾ, ನಾಲ್ಕು ಕಂತುಗಳಲ್ಲಿ ಬೇಕು. ಬಾವಿಯ ನೀರಿನಲ್ಲಿ ಆಗಲೇ ನೈಟ್ರೇಟ್ ಇದ್ದರೆ ಅದೂ ಗೊಬ್ಬರವೇ. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರುವ ನೀರನ್ನು ಎಕರೆಗೆ ಒಂದು ಸಲ 5 ಸೆಂಟಿಮೀಟರ್ ಹಾಯಿಸಿದರೆ 2 ಕಿಲೋಗ್ರಾಂ ಸಾರಜನಕ ಕೊಟ್ಟಂತೆ. ವರ್ಷಕ್ಕೆ ಇಂತಹ ಇಪ್ಪತ್ತು ನೀರಾವರಿಗಳಲ್ಲಿ 40 ಕಿಲೋಗ್ರಾಂ, ಸುಮಾರು ಎರಡು ಚೀಲ ಯೂರಿಯಾ! ಕೆಟ್ಟ ಬಾವಿಯ ನೀರನ್ನು ಕುಡಿಯಲು ಬಳಸದೆ ಕಬ್ಬಿಗೆ ಬಳಸಿ, ಗೊಬ್ಬರವನ್ನು ಅಷ್ಟು ತಗ್ಗಿಸುವುದು ಆ ನೀರನ್ನು ಕ್ರಮೇಣ ಶುದ್ಧಗೊಳಿಸುವ ದಾರಿಯೂ ಹೌದು. ಇದಕ್ಕೆ ನೀರಿನ ಪರೀಕ್ಷೆ ಅಗತ್ಯ. ಊಹೆಯಿಂದ ಗೊಬ್ಬರ ತಗ್ಗಿಸಬಾರದು.

ನಾವೇ ತೆರೆದಿಟ್ಟ ಬಾಯಿಗಳು

ಸುಣ್ಣಕಲ್ಲಿನ ನಾಡುಗಳಲ್ಲಿ ಕುಸಿಗುಂಡಿಗಳಿಗೆ ಸತ್ತ ಪ್ರಾಣಿ, ಕಸ ಎಸೆಯುವ ಕೆಟ್ಟ ರೂಢಿ ಇತ್ತು. ಎಸೆದದ್ದು ಮುಂದಿನ ಊರಿನ ಬುಗ್ಗೆಯಲ್ಲಿ ಬರುತ್ತಿತ್ತು. ನಮ್ಮಲ್ಲಿ ಕುಸಿಗುಂಡಿಗಳಿಲ್ಲ, ಅವುಗಳ ಕೆಲಸವನ್ನು ಹಾಳುಬಾವಿಗಳೂ ಕೈಬಿಟ್ಟ ಕೊಳವೆಬಾವಿಗಳೂ ಮಾಡುತ್ತಿವೆ. ನೀರು ಬತ್ತಿದ ಬಾವಿಗೆ ಕಸ, ಔಷಧದ ಖಾಲಿ ಡಬ್ಬಿ, ಸತ್ತ ಕರು ಎಲ್ಲವೂ ಬೀಳುತ್ತವೆ. ನನ್ನ ಅಭಿಪ್ರಾಯದಲ್ಲಿ ಈ ಪ್ರದೇಶದ ಅಂತರ್ಜಲಕ್ಕೆ ಹೊಲದ ಗೊಬ್ಬರಕ್ಕಿಂತಲೂ ಇದು ತುರ್ತಾದ ಅಪಾಯ, ಏಕೆಂದರೆ ಇಲ್ಲಿ ಮಣ್ಣೆಂಬ ತಡೆಯೇ ಇಲ್ಲ.

ವಿಫಲ ಕೊಳವೆಬಾವಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಮಕ್ಕಳು ಬೀಳುವ ದುರಂತಗಳ ಹಿನ್ನೆಲೆಯಲ್ಲಿ, ಮಾರ್ಗಸೂಚಿ ನೀಡಿದೆ. ಕೈಬಿಟ್ಟ ಕೊಳವೆಬಾವಿಯನ್ನು ಜೇಡಿ, ಮರಳು, ಕಲ್ಲು ಇತ್ಯಾದಿಗಳಿಂದ ತಳದಿಂದ ನೆಲಮಟ್ಟದವರೆಗೂ ತುಂಬಬೇಕೆಂದು ಅದರಲ್ಲಿ ಹೇಳಿದೆ. ಬಾಯಿಗೆ ಚೀಲ ತುರುಕಿ ಕಲ್ಲು ಇಟ್ಟರೆ ಮಗು ಬೀಳದಿರಬಹುದು, ಕೊಳೆನೀರು ಇಳಿಯುವುದು ನಿಲ್ಲದು. ನಮ್ಮ ನೆಲಕ್ಕೆ ಹೆಚ್ಚುವರಿಯಾಗಿ ಒಂದು ಸೂಚನೆ: ಮೇಲಿನ ಕೆಲವು ಮೀಟರುಗಳನ್ನು ಮರಳಿನಿಂದ ತುಂಬದೆ ಒದ್ದೆ ಜೇಡಿಯಿಂದ ಗಿಡಿದು ತುಂಬಬೇಕು. ಬಳಕೆಯಲ್ಲಿರುವ ಕೊಳವೆಬಾವಿಯ ಸುತ್ತ 0.5 ಮೀಟರ್ ಉದ್ದಗಲದ, ನೆಲದ ಮೇಲೆ 0.3 ಹಾಗೂ ಕೆಳಗೆ 0.3 ಮೀಟರ್ ಇರುವ ಸಿಮೆಂಟ್ ಕಟ್ಟೆಯನ್ನೂ ಅದೇ ಮಾರ್ಗಸೂಚಿ ಹೇಳುತ್ತದೆ.

ಹೊಸದಾಗಿ ಕೊರೆಸುವವರು ಕೇಸಿಂಗ್ ಕೊಳವೆಯಲ್ಲಿ ಉಳಿತಾಯ ಮಾಡಬಾರದು. ಕೇಸಿಂಗ್ ಕೆಂಪುಕಲ್ಲು ಮತ್ತು ಬಿಳಿ ಜೇಡಿಯನ್ನು ಪೂರ್ತಿ ದಾಟಿ ಗಟ್ಟಿ ಕರಿಕಲ್ಲಿಗೆ ಕೂರಬೇಕು. ಕೇಸಿಂಗಿನ ಹೊರಬದಿಯ ಸಂದಿಯನ್ನು ಸಿಮೆಂಟಿನಿಂದ ಮುಚ್ಚಿಸಬೇಕು. ಅರ್ಧಕ್ಕೆ ನಿಲ್ಲಿಸಿದ ಕೇಸಿಂಗ್, ಮೇಲಿನ ಕೊಳವೆಜಾಲದ ನೀರನ್ನು ಆಳದ ಒಳ್ಳೆಯ ನೀರಿಗೆ ಸೇರಿಸುವ ನಾಳವಾಗುತ್ತದೆ.

ಕೊಳವೆಬಾವಿ ಮರುಪೂರಣದ ಬಗ್ಗೆಯೂ ಇಲ್ಲಿಯೇ ಹೇಳುವುದು ಸೂಕ್ತ. ಮರುಪೂರಣ ಒಳ್ಳೆಯ ಕೆಲಸ, ಅದನ್ನು ನಾವೇ ಪ್ರೋತ್ಸಾಹಿಸಿದ್ದೇವೆ. ಆದರೆ ಯೂರಿಯಾ, ಕಳೆನಾಶಕ ಬಳಸಿದ ಹೊಲದ ಹರಿನೀರನ್ನೋ ಕೊಟ್ಟಿಗೆಯ ಅಂಗಳದ ನೀರನ್ನೋ ಜಲ್ಲಿ ತುಂಬಿದ ಗುಂಡಿಯ ಮೂಲಕ ನೇರ ಕೊಳವೆಬಾವಿಗೆ ಬಿಡುವುದು ಮರುಪೂರಣವಾಗದು. ಜಲ್ಲಿ, ಮರಳು ಹೂಳನ್ನು ತಡೆಯುತ್ತವೆ. ಕರಗಿದ ನೈಟ್ರೇಟನ್ನಾಗಲೀ ಕಳೆನಾಶಕವನ್ನಾಗಲೀ ತಡೆಯಲಾರವು. ಮನೆ, ಗೋದಾಮುಗಳ ಛಾವಣಿಯ ನೀರನ್ನು, ಮುಂಗಾರಿನ ಮೊದಲೆರಡು ಮಳೆಯ ನೀರನ್ನು ಹೊರಗೆ ಬಿಟ್ಟು, ಬಳಿಕ ಕೊಡಬಹುದು. ಹೊಲದ ನೀರಿಗೆ ಬದುಗಳು ಮತ್ತು ಕೃಷಿ ಹೊಂಡಗಳೇ ಸರಿಯಾದ ಜಾಗ.

ತಿಪ್ಪೆ ಮತ್ತು ಶೌಚಗುಂಡಿ

ಬಾವಿಗೂ ಶೌಚಗುಂಡಿಗೂ ಇರಬೇಕಾದ ಅಂತರವನ್ನು ಸಾಮಾನ್ಯ ಕೈಪಿಡಿಗಳು 10ರಿಂದ 15 ಮೀಟರ್ ಎಂದು ಹೇಳುತ್ತವೆ. ಆ ಅಂಕಿ ಸೋಸುವ ಮಣ್ಣಿಗೆ ಸಲ್ಲುವಂತಹುದು, ಸೀಳು ಮತ್ತು ಕೊಳವೆಗಳಿರುವ ಕಲ್ಲಿನಲ್ಲಿ ರೋಗಾಣುಗಳು ಅದಕ್ಕಿಂತ ಬಹಳ ದೂರ ಸಾಗಬಲ್ಲವು. ಹಿತ್ತಲಲ್ಲೇ ಬಾವಿಯೂ ಗುಂಡಿಯೂ ಇರುವ ಕೇರಳದ ಲ್ಯಾಟರೈಟ್ ಪ್ರದೇಶದ ಬಾವಿಗಳಲ್ಲಿ ಮಲಜನ್ಯ ಬ್ಯಾಕ್ಟೀರಿಯಾ ಪದೇ ಪದೇ ಕಂಡುಬಂದಿರುವುದು ಇದೇ ಕಾರಣದಿಂದ. ಗೊಬ್ಬರದ ತಿಪ್ಪೆಗೂ ಇದೇ ಮಾತು ಅನ್ವಯಿಸುತ್ತದೆ.

ತಿಪ್ಪೆಯಂತಹ ಸಾಧಾರಣ ವಸ್ತುವಿನಿಂದ ಎಷ್ಟು ದೊಡ್ಡ ಅನಾಹುತವಾಗಬಹುದು ಎಂಬುದಕ್ಕೆ ಕೆನಡಾ ದೇಶದ ವಾಕರ್ಟನ್ ಎಂಬ ಪುಟ್ಟ ಪಟ್ಟಣದ ನಿದರ್ಶನವಿದೆ. 2000ನೇ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಕೆಲವು ದಿನ ಭಾರೀ ಮಳೆಯಾಯಿತು. ಪಟ್ಟಣಕ್ಕೆ ನೀರು ಕೊಡುತ್ತಿದ್ದ ಬಾವಿಗಳಲ್ಲೊಂದು ಬರೀ 15 ಮೀಟರ್ ಆಳದ್ದು, ತೆಳುಮಣ್ಣಿನ ಕೆಳಗಿನ ಸೀಳುಬಿಟ್ಟ ಸುಣ್ಣಕಲ್ಲಿನದು. ಪಕ್ಕದ ಹೊಲಕ್ಕೆ ಹರಡಿದ್ದ ದನದ ಗೊಬ್ಬರದಿಂದ ರೋಗಕಾರಕ ಇ. ಕೋಲಿ ಬ್ಯಾಕ್ಟೀರಿಯಾ ಅದರೊಳಕ್ಕೆ ಹೊಕ್ಕಿತು, ಕ್ಲೋರಿನ್ ಹಾಕುವಲ್ಲಿಯೂ ಲೋಪವಾಗಿತ್ತು. ಸುಮಾರು 2,300 ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ಆ ಹೊಲದ ರೈತ ಗೊಬ್ಬರ ಬಳಕೆಯಲ್ಲಿ ಯಾವ ತಪ್ಪನ್ನೂ ಮಾಡಿರಲಿಲ್ಲವೆಂದು ವಿಚಾರಣಾ ಆಯೋಗ ತೀರ್ಮಾನಿಸಿತು. ಗೊಬ್ಬರ ಹಾಕಿದ ವಿಧಾನ ಸರಿಯಿತ್ತು, ಬಾವಿ ಇದ್ದ ನೆಲ ಮಾತ್ರ ಅದನ್ನು ತಾಳುವಂತಹುದಾಗಿರಲಿಲ್ಲ.

ನಮ್ಮ ರೈತರು ತಿಪ್ಪೆಯನ್ನು ಬಾವಿಯ ಮೇಲ್ಗಡೆಯ ಇಳಿಜಾರಿನಲ್ಲಿ ಹಾಕಬಾರದು. ತಿಪ್ಪೆಯ ಗುಂಡಿಯ ತಳಕ್ಕೆ ಕಪ್ಪುಮಣ್ಣನ್ನು ಒಂದು ಅಡಿ ದಪ್ಪಕ್ಕೆ ತುಳಿದು ಹಾಸಿದರೆ ರಸ ಇಳಿಯುವುದು ಬಹುಮಟ್ಟಿಗೆ ತಪ್ಪುತ್ತದೆ, ಗೊಬ್ಬರದ ಸತ್ವವೂ ಉಳಿಯುತ್ತದೆ. ಮಳೆಗಾಲದಲ್ಲಿ ಮೇಲೆ ಹೊದಿಕೆ ಇರಲಿ.

ಔಷಧಗಳು

ಕೀಟನಾಶಕ, ಕಳೆನಾಶಕಗಳೆಲ್ಲವೂ ಒಂದೇ ರೀತಿ ನೀರಿಗಿಳಿಯುವುದಿಲ್ಲ. ಸೋಯಾದಲ್ಲಿ ಬಳಸುವ ಪೆಂಡಿಮೆಥಾಲಿನ್ ಮಣ್ಣಿಗೆ ಅಂಟಿಕೊಳ್ಳುತ್ತದೆ. ಇಮಾಜೆಥಾಪಿರ್ ನೀರಿನಲ್ಲಿ ಚೆನ್ನಾಗಿ ಕರಗಿ ಸಡಿಲವಾಗಿ ನಿಲ್ಲುತ್ತದೆ. ಕಬ್ಬು, ಜೋಳಗಳ ಅಟ್ರಾಜಿನ್ ಹಲವು ದೇಶಗಳ ಅಂತರ್ಜಲದಲ್ಲಿ ಕಂಡುಬಂದ ಔಷಧ. ಶುಂಠಿಯ ಗೆಡ್ಡೆಕೊಳೆಗೆ ಮಣ್ಣಿಗೆ ಹುಯ್ಯುವ ಮೆಟಲಾಕ್ಸಿಲ್ ಕೂಡ ಸುಲಭವಾಗಿ ಜಾರುವ ಗುಣದ್ದು. ಇವುಗಳನ್ನು ಕೆಂಪುಕಲ್ಲಿನ ನೆಲದಲ್ಲಿ ಬಾವಿಯ ಸುತ್ತ ಕನಿಷ್ಠ 30 ಮೀಟರ್ ಬಿಟ್ಟು ಬಳಸುವುದು ಕ್ಷೇಮ.

ಆದರೆ ಅಂಟಿಕೊಳ್ಳುವ ಔಷಧವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ ಕನ್ನಡ, ತುಳು ಮಾತಾಡುವ ಊರು. ಬೀದರದಂತೆ ಅಲ್ಲಿಯೂ ಜಂಬಿಟ್ಟಿಗೆಯ ಗುಡ್ಡಗಳಿವೆ, ಗುಡ್ಡಗಳಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದಲೇ ಹಲವು ಮನೆಗಳಿಗೆ ಕುಡಿಯುವ ನೀರು. ಗುಡ್ಡಗಳ ನೆತ್ತಿಯ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಂಡೋಸಲ್ಫಾನ್ ನೀರಿನಲ್ಲಿ ಹೆಚ್ಚು ಕರಗದ, ಮಣ್ಣಿಗೆ ಅಂಟುವ ವಸ್ತು. ಹಾಗಿದ್ದರೂ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು 2001ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಪಡ್ರೆಯ ಮಣ್ಣು ಮತ್ತು ಜನರ ರಕ್ತದ ಜೊತೆಗೆ ನೀರಿನಲ್ಲಿಯೂ ಅದರ ಅವಶೇಷ ಕಂಡುಬಂದಿತು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ದೇಶಾದ್ಯಂತ ಅದನ್ನು ನಿಷೇಧಿಸಿತು. ಗುಡ್ಡದ ನೆತ್ತಿಗೆ ಬಿದ್ದದ್ದು ಬುಡದ ನೀರಿಗೆ ಬರುವುದು ಜಂಬಿಟ್ಟಿಗೆ ನೆಲದಲ್ಲಿ ಎಷ್ಟು ಸಹಜ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಕನ್ನಡಿಗರ ನಡುವೆ ಇಲ್ಲ.

ಬಾವಿಯ ಕಟ್ಟೆಯ ಮೇಲೆ ಔಷಧ ಕಲಸುವುದು, ಅಲ್ಲಿಯೇ ಸಿಂಪರಣಾ ಯಂತ್ರ ತೊಳೆಯುವುದು ಬಹಳ ಕಡೆ ನಡೆದಿದೆ. ನೀರನ್ನು ಹೊತ್ತೊಯ್ದು ಹೊಲದ ನಡುವೆ ಕಲಸಬೇಕು, ತೊಳೆದ ನೀರನ್ನು ಬೆಳೆಗೇ ಸಿಂಪಡಿಸಬೇಕು.

ಕೈಗಾರಿಕಾ ಮಾಲಿನ್ಯವು ರೈತರ ಕೈಯಲ್ಲಿಲ್ಲದ ಭಾಗ. ಬೀದರಕ್ಕೆ ಹೊಂದಿದ ಕೊಳಾರ ಕೈಗಾರಿಕಾ ಪ್ರದೇಶವೂ ಈ ಪ್ರಸ್ಥಭೂಮಿಯ ಮೇಲೆಯೇ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ಬೀದರವು ತೀವ್ರ ಮಾಲಿನ್ಯದ ಪಟ್ಟಿಯಲ್ಲಿ ಬಂದಿತ್ತು. ಬಾವಿಯ ನೀರಿಗೆ ಅಸಹಜ ವಾಸನೆ, ನೊರೆ ಅಥವಾ ಬಣ್ಣ ಕಂಡರೆ ದಿನಾಂಕ ಮತ್ತು ಹಿಂದಿನ ಮಳೆಯ ವಿವರ ಬರೆದಿಟ್ಟು, ಮಾದರಿ ತೆಗೆದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಬೀದರ ಕಚೇರಿಗೆ ಗ್ರಾಮ ಪಂಚಾಯಿತಿಯ ಮೂಲಕ ಲಿಖಿತ ದೂರು ಕೊಡಬೇಕು. ಬಾಯಿಮಾತಿನ ದೂರಿಗೆ ಬೆಲೆ ಇರುವುದಿಲ್ಲ.

ನೀರಿನ ಪರೀಕ್ಷೆ: ವಿಸ್ತರಣಾ ಕಾರ್ಯಕರ್ತರಿಗೆ

ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ, ಮಾದರಿ ತೆಗೆಯುವ ರೂಢಿಯಿಂದ ಈ ನೆಲದ ಸಮಸ್ಯೆ ಗೊತ್ತಾಗುವುದಿಲ್ಲ. ಮೇ ಕೊನೆಯಲ್ಲಿ ಒಂದು, ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ ಎರಡು ಮೂರು ದಿನದೊಳಗೆ ಒಂದು, ಅಕ್ಟೋಬರಿನಲ್ಲಿ ಒಂದು, ಹೀಗೆ ಮೂರು ಮಾದರಿ ಬೇಕು. ಮೊದಲಿನದಕ್ಕೂ ಎರಡನೆಯದಕ್ಕೂ ನೈಟ್ರೇಟ್, ಬ್ಯಾಕ್ಟೀರಿಯಾ ಅಥವಾ ಕದಡುವಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಆ ಬಾವಿಗೆ ನೇರ ದಾರಿಯೊಂದಿದೆ ಎಂದರ್ಥ; ಮೊದಲು ಅದರ ಸುತ್ತಲಿನ ತಿಪ್ಪೆ, ಹಾಳುಬಾವಿ, ಕೇಸಿಂಗ್‌ಗಳನ್ನು ನೋಡಬೇಕು. ಪಂಪನ್ನು ಹತ್ತು ನಿಮಿಷ ಓಡಿಸಿದ ಮೇಲೆ ಒಂದು ಲೀಟರಿನ ಶುಭ್ರ ಬಾಟಲಿಯಲ್ಲಿ ಮಾದರಿ ತೆಗೆದು, ತಂಪಾಗಿಟ್ಟು, 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧಗೊಳಿಸಿದ ಬೇರೆ ಬಾಟಲಿ ಅಗತ್ಯ. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್‌ಗಳಿಂದ ತರಬೇತಿ ಪಡೆದ ಮಹಿಳೆಯರು ನೈಟ್ರೇಟನ್ನು ಸ್ಥಳದಲ್ಲೇ ನೋಡಬಲ್ಲರು. ಹೈಡ್ರೋಜನ್ ಸಲ್ಫೈಡ್ ಶೀಶೆಯಲ್ಲಿ ಹಾಕಿದ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಅದರಲ್ಲಿ ಮಲಜನ್ಯ ಮಾಲಿನ್ಯವಿರುವ ಸಂಭವ ಹೆಚ್ಚು.

ಬ್ಯಾಕ್ಟೀರಿಯಾ ಕಂಡುಬಂದ ಬಾವಿಗೆ ಪ್ರತಿ ಸಾವಿರ ಲೀಟರಿಗೆ 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಸಾಕು. ಮೇಲೆ ಹೇಳಿದ 1.41 ಲಕ್ಷ ಲೀಟರಿನ ಬಾವಿಗೆ ಸುಮಾರು 350 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಬಿಟ್ಟು ಕಲಕಿ, ಕನಿಷ್ಠ ಒಂದು ಗಂಟೆಯ ನಂತರ ನೀರು ಸೇದಬೇಕು. ವೇಗದ ಸೆಲೆಯಿರುವ ಕೆಂಪುಕಲ್ಲಿನ ಬಾವಿಯಲ್ಲಿ ಕ್ಲೋರಿನ್ ಬೇಗ ಕೊಚ್ಚಿಹೋಗುವುದರಿಂದ ಮಳೆಗಾಲದಲ್ಲಿ ಪದೇ ಪದೇ ಹಾಕಬೇಕಾಗುತ್ತದೆ. ನೈಟ್ರೇಟಿಗೆ ಮಾತ್ರ ಕ್ಲೋರಿನ್ನಿನಿಂದಲೂ ಬಟ್ಟೆಯಲ್ಲಿ ಸೋಸುವುದರಿಂದಲೂ ಉಪಯೋಗವಿಲ್ಲ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟಿನ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ 45 ಮಿಲಿಗ್ರಾಂ ಮೀರಿದ ಬಾವಿಯ ನೀರನ್ನು ಕೂಸುಗಳಿಗೂ ಗರ್ಭಿಣಿಯರಿಗೂ ಯಾವ ರೂಪದಲ್ಲಿಯೂ ಕೊಡಬಾರದು. ಅಂತಹ ಬಾವಿ ಪತ್ತೆಯಾದಲ್ಲಿ ಗ್ರಾಮ ಪಂಚಾಯಿತಿಗೆ ಅಂದೇ ತಿಳಿಸಿ ಬೇರೆ ಮೂಲದ ನೀರಿಗೆ ವ್ಯವಸ್ಥೆ ಮಾಡಿಸಬೇಕು. ನೀರಾವರಿಗೆ ಅದೇ ನೀರನ್ನು ಬಳಸುವ ರೈತರು ಪರೀಕ್ಷಾ ವರದಿಯೊಂದಿಗೆ ಬೀದರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿದರೆ ಆಯಾ ಬೆಳೆಗೆ ಎಷ್ಟು ಯೂರಿಯಾ ತಗ್ಗಿಸಬಹುದೆಂದು ಲೆಕ್ಕ ಹಾಕಿ ತಿಳಿಸಲಾಗುವುದು.